ಶುಕ್ರವಾರದ ಎಣ್ಣೆ

ನೊಣ ಮೀನಿನ ತುಂಡಿನ ಮೇಲೆ ಕೂತಿತು, ಎದ್ದಿತು, ಮತ್ತೆ ಕೂತಿತು, ಬೆಕ್ಕು ಕಿವಿಯನ್ನೂ ಅಲುಗಿಸಲಿಲ್ಲ — ಮೊದಲಾಗಿದ್ದರೆ ನೊಣವನ್ನೂ ಬಿಡುತ್ತಿರಲಿಲ್ಲ, ಮೀನನ್ನೂ ಬಿಡುತ್ತಿರಲಿಲ್ಲ, ಎಂದುಕೊಳ್ಳುತ್ತ ಮುದುಕ ದುಯ್ಸೆನ್ ತಟ್ಟೆಯನ್ನು ಇನ್ನೂ ಒಂದು ಬೆರಳಿನಷ್ಟು ಹತ್ತಿರ ಸರಿಸಿದ, ಸಿರ್ ದರಿಯಾ ನದಿಯ ಮೀನು, ಬೆಳಿಗ್ಗೆ ಬಲೆಯಿಂದ ಬಂದದ್ದು, ಕನ್ನಡಕ ಹಾಕಿಕೊಂಡು ಒಂದೊಂದೇ ಮುಳ್ಳು ತೆಗೆದದ್ದು, ಹೆತ್ತ ಮಗನಿಗೂ ಹೀಗೆ ಮುಳ್ಳು ಬಿಡಿಸಿಕೊಟ್ಟವನಲ್ಲ ಅವನು, ಅದೆಲ್ಲ ಹೆಂಡತಿ ಕುಲ್ಯಾಶಳ ಕೆಲಸ, ತಿನ್ನು ಅಕ್ಬಕಾಯ್, ತಿನ್ನು ನನ್ನಮ್ಮ, — ಅಕ್ಬಕಾಯ್, ನಾಲ್ಕು ಪಾದವೂ ಬೆಳ್ಳಗಿದ್ದ ಮರಿಗೆ ಅವಳೇ ಇಟ್ಟ ಹೆಸರು, ಈಗ ಆ ಬಿಳುಪೂ ಮಾಸಿದೆ, ಸವರಿದರೆ ಬೆನ್ನಮೂಳೆ ತಸ್ಬಿಯ ಮಣಿಗಳ ಹಾಗೆ ಒಂದೊಂದಾಗಿ ಬೆರಳಿಗೆ ಸಿಗುತ್ತದೆ, ಛೆ, ದೇವರೇ ಕ್ಷಮಿಸು, ಬೆಕ್ಕಿನ ಬೆನ್ನನ್ನು ಜಪಮಾಲೆಗೆ ಹೋಲಿಸಬಹುದೇ, ಆದರೂ ಬೆರಳು ಎಣಿಸುತ್ತಲೇ ಇದೆ. ಮೊನ್ನೆ ಕುರಿಯ ಸಾರು, ನಿನ್ನೆ ಒಂಟೆಯ ಹಾಲು, ಬೆರಳಿಗೆ ಅದ್ದಿ ತುಟಿಗೆ ಸವರಿದರೆ ಪಂಜದಿಂದ ಒರೆಸಿಕೊಂಡು ಮುಖ ಆಚೆ ತಿರುಗಿಸಿತು, ಅದೇ ತಿರುಗಿಸುವಿಕೆ, ಚಳಿಗಾಲದಲ್ಲಿ ಕುಲ್ಯಾಶ್ ಚಮಚ ಕಂಡು ದಿಂಬಿನ ಮೇಲೆ ಮುಖ ತಿರುಗಿಸಿದ ಹಾಗೆಯೇ, ಸಾಕು ಮುದುಕಾ, ನಂಗ್ ಬೇಡ, ನನ್ ಬೆಕ್ಕಿಗೆ ಹಾಕು, ನಾನು ಹೋದ್ಮೇಲೆ ಅದನ್ನ ಉಪವಾಸ ಕೆಡವ್ಬೇಡ, ನಿಂಗೆ ಮರೆವು — ಮರೆತಿಲ್ಲ ಕಣೇ, ಇಗೋ ನೋಡು, ಮರೆತಿಲ್ಲ, ಅದು ತಿನ್ನದಿದ್ದರೆ ನಾನೇನು ಮಾಡಲಿ. ಬೇಲಿಯಾಚೆ ಮರ್ದಾನ್ ಕೆಮ್ಮುತ್ತಿದ್ದಾನೆ, ಓರಗೆಯವನು, ಓರಗೆಯವನು ಏನಂದರೂ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಏನೋ ದುಯ್ಸೆನ್, ಬೆಕ್ಕಿಗೆ ಮುಳ್ಳು ಬಿಡಿಸಿ ಕೊಡ್ತೀಯಂತೆ, ನಂಗೂ ಹಲ್ಲಿಲ್ಲ ಕಣೋ, ಪಕ್ಕದಲ್ಲಿ ನಂಗೂ ಒಂದು ತಟ್ಟೆ ಇಡು, — ಇಡ್ತೀನಿ, ಬರುವಾಗ ಬಾಲ ಕಟ್ಕೊಂಡ್ ಬಾ, ಎಂದು ಕೂಗಿದ, ಕೂಗಿ ನಗಲಾಗದೆ ಎದ್ದ, ಕಿಟಕಿಗೆ ಹೋದ, ಬಂದು ಮತ್ತೆ ಕೂತ.

ಕೂರಲಾಗುವುದಿಲ್ಲ. ದನದ ಡಾಕ್ಟರು ಅಂದ ಮಾತು ತಲೆಯಲ್ಲಿ ಅದೇ ನೊಣದ ಹಾಗೆ, ಓಡಿಸಿದರೂ ಬಂದು ಕೂರುತ್ತದೆ, ಮರ್ದಾನನ ಒಂಟೆಗೆ ಸೂಜಿ ಹಾಕಲು ಬಂದವರು ಬೆಕ್ಕಿನ ಬಾಯಿ ಬಿಡಿಸಿ ನೋಡಿ, ಹೊಟ್ಟೆ ಒತ್ತಿ ನೋಡಿ, ರೋಗ ಏನೂ ಕಾಣ್ತಿಲ್ಲ ಹಿರಿಯರೇ, ವಯಸ್ಸಾಯ್ತು, ಮೂಗು ಮಂದ ಆಗಿದೆ, ಬೆಕ್ಕು ಮೊದಲು ಮೂಗಲ್ಲಿ ತಿನ್ನತ್ತೆ, ಆಮೇಲೆ ಬಾಯಲ್ಲಿ, ಬಿಸಿ ಮಾಡಿ ಕೊಡಿ, ಘಾಟು ಇರೋದು ಕೊಡಿ, ಹೀಗೇ ಬಿಟ್ರೆ ಹೆಚ್ಚು ದಿನ ಬಾಳಲ್ಲ. ಮೂಗಲ್ಲಿ ತಿನ್ನುವುದು — ಹಾಗೆ ತಿನ್ನುವವರು ಇನ್ನೂ ಯಾರು ಎಂದು ದುಯ್ಸೆನ್‌ಗೆ ಗೊತ್ತು, ಯಾರೂ ಹೇಳಬೇಕಿಲ್ಲ, ಶುಕ್ರವಾರ ಬಂದರೆ ಕುಲ್ಯಾಶ್ ಕಡಾಯಿಗೆ ಎಣ್ಣೆ ಸುರಿಯುತ್ತಿದ್ದಳು, ತೆಳ್ಳಗೆ ಲಟ್ಟಿಸಿದ ಶೆಲ್ಪೆಕ್ ರೊಟ್ಟಿ, ಏಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಸತ್ತವರು ರೊಟ್ಟಿ ಮುಟ್ಟುವುದಿಲ್ಲ, ಎಣ್ಣೆಯ ಘಮವನ್ನಷ್ಟೇ ಉಂಡು ತಣಿದು ಹೋಗುತ್ತಾರೆ, ಅವನ ತಾಯಿಯೂ ಅದನ್ನೇ ಹೇಳುತ್ತಿದ್ದಳು, ಅವಳ ಅತ್ತೆಯೂ, ಆದರೆ ಕುಲ್ಯಾಶ್ ಮೊದಲ ರೊಟ್ಟಿಯ ಅಂಚು ಮುರಿದು, ತುಟಿ ದುಂಡಗೆ ಮಾಡಿ, ಉಫ್ ಎಂದು ಊದಿ, ಕಾಲ ಬಳಿ ಕಾದಿದ್ದ ಬೆಕ್ಕಿಗೆ ಕೊಡುತ್ತಿದ್ದಳು, ಮೊದ್ಲು ಸತ್ತೋರಿಗೆ ಕಣೇ, ಎಂದು ಅವನು ಗದರಿದರೆ, ಅವ್ರಿಗೇನು ಅವಸರ ಮುದುಕಾ, ಇದಕ್ಕೆ ಹಸಿವು — ಆ ದುಂಡಗಾದ ತುಟಿ. ಈಗ ಎಣ್ಣೆ ಕಾಯುವುದಿಲ್ಲ, ನಿಲ್ಲಿಸಿದವನು ಅವನೇ, ಅವಳು ಹೋದ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಹೊಸ ಇಮಾಮ್, ಎಳೆ ಹುಡುಗ, ಹಿರಿಯನಿಗೆ ತಕ್ಕಂತೆ ಅತಾ ಎಂದು ಕರೆದು, ತಗ್ಗಿದ ದನಿಯಲ್ಲಿ, ವಾಸನೆ ಸತ್ತವರಿಗೆ ಮುಟ್ಟತ್ತೆ ಅಂತ ಗ್ರಂಥದಲ್ಲಿ ಎಲ್ಲೂ ಇಲ್ಲ ಅತಾ, ಪ್ರಾರ್ಥನೆ ಮುಟ್ಟತ್ತೆ, ದಾನ ಮುಟ್ಟತ್ತೆ, ಎಂದ, ಓದಿದವನು, ತಾನು ಎದುರಾಡಲು ಯಾರು, ಮನೆಗೆ ಬಂದು ಸೊಸೆ ಜದಿರಾಳಿಗೆ ಹೇಳಿದ, ಇನ್ನು ಶುಕ್ರವಾರ ಎಣ್ಣೆ ಇಡಬೇಡಮ್ಮ, ಅವಳು ತಲೆವಸ್ತ್ರದ ಅಂಚು ಹಿಡಿದು ನಿಂತೇ ಇದ್ದಳು, ಆಯ್ತು ಅತಾ, ಅಷ್ಟೇ. ಆ ಶುಕ್ರವಾರ ಬೆಕ್ಕು ಬಂದು ತಣ್ಣಗಿನ ಒಲೆಯ ಮುಂದೆ ಕೂತಿತು, ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕೂತಿತು, ಆಮೇಲೆ ಎದ್ದು ಹೋಗಿ ಕುಲ್ಯಾಶಳ ಹಾಸಿಗೆ ಮಡಿಸಿಟ್ಟ ಮೂಲೆಯಲ್ಲಿ ಮಲಗಿತು, ಅಂದಿನಿಂದಲೇ ತಾನೇ ಊಟ ಬಿಟ್ಟದ್ದು, ಹೌದು, ಅಂದಿನಿಂದಲೇ, ಗೊತ್ತಿತ್ತು ನಿನಗೆ ದುಯ್ಸೆನ್, ಗೊತ್ತಿಲ್ಲದವನ ಹಾಗೆ ಮೀನು ಬಿಡಿಸುತ್ತ ಕೂತೆ.

ಇಂದೂ ಶುಕ್ರವಾರವೇ, ಮಸೀದಿಯಿಂದ ಬಂದು ಇನ್ನೂ ಟೊಪ್ಪಿ ತೆಗೆದಿಲ್ಲ, ಜದಿರಾ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಾಳೆ, ಅಡುಗೆಮನೆಯಲ್ಲಿ ಅವಳು ನಾದಿ ಮುಚ್ಚಿಟ್ಟ ಹಿಟ್ಟು — ಓ ದೇವರೇ, ಇದು ಬೆಕ್ಕಿಗೆ, ನಿನಗೆ ಗೊತ್ತು, ಮೂಕಪ್ರಾಣಿಗೆ ಉಣಿಸುವುದು ನೀನು ಮೆಚ್ಚುವ ಕೆಲಸ, ಬೇರೆ ಯಾರಿಗೂ ಅಲ್ಲ, ಬೆಕ್ಕಿಗೆ — ಕೈ ಹಿಟ್ಟು ಮುರಿಯುತ್ತಿದೆ, ಲಟ್ಟಣಿಗೆ ಹಿಡಿಯಲು ಬಾರದ ಕೈ, ರೈಲು ಹಳಿಯ ಬೋಲ್ಟು ಬಿಗಿದ ಕೈ, ಒಂದು ರೊಟ್ಟಿ ಕಿವಿಯ ಹಾಗೆ, ಇನ್ನೊಂದು ಚಪ್ಪಲಿಯ ಹಾಗೆ, ಕುಲ್ಯಾಶ್ ಕಂಡಿದ್ದರೆ ಗೋಡೆ ಹಿಡಿದು ನಗುತ್ತಿದ್ದಳು, ಎಣ್ಣೆ ಹೊಗೆಯಾಡಿತು, ಬಾಗಿಲು ದಡಾರನೆ ತೆರೆಯಿತು, ಅಯ್ಯೋ ಅತಾ, ಮನೆಗೆ ಬೆಂಕಿ ಬಿತ್ತು ಅಂದ್ಕೊಂಡೆ, ಏನ್ ಮಾಡ್ತಿದ್ದೀರಿ, ಯಾರಿಗೆ ಇದು? — ಬೆಕ್ಕಿಗೆ, ಎಂದ ಅವನು, ತಿರುಗಿ ನೋಡದೆ. ಜದಿರಾ ಮಣೆ ನೋಡಿದಳು. ಬೆಕ್ಕಿಗೆ ಏಳಾ ಅತಾ? ಅವನೂ ನೋಡಿದ, ಕಿವಿ, ಚಪ್ಪಲಿ, ಸೊಟ್ಟ ಚಂದ್ರ, ಎಣಿಸಿರಲಿಲ್ಲ, ಆಣೆಗೂ ಎಣಿಸಿರಲಿಲ್ಲ, ಏಳೇ ಇದ್ದವು, ಸೊಸೆ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಳು, ಸರೀರಿ, ಕೈ ಸುಟ್ಕೋತೀರಿ, ಅವನು ಸರಿಯಲಿಲ್ಲ. ಮೊದಲ ರೊಟ್ಟಿ ಎಣ್ಣೆಗೆ ಬಿದ್ದು ಉಬ್ಬಿತು, ಘಮ ಎದ್ದಿತು, ಮಾಡಿನ ತೊಲೆಯ ತನಕ ಎದ್ದಿತು, ತುಟಿಗಳು ಯಾವಾಗಿನಿಂದಲೋ ತಾವೇ ಕುರಾನಿನ ಆಯತ್ ಹೇಳಿಕೊಳ್ಳುತ್ತಿವೆ, ನಿಲ್ಲಿಸಬೇಕೆಂದರೂ ನಿಲ್ಲುತ್ತಿಲ್ಲ, ಮುಗಿದ ಮೇಲೆ ಯಾರ ಆತ್ಮಕ್ಕೆ ಎಂದು ಹೆಸರು ಹೇಳಬೇಕು, ಹೇಳಬಾರದು, ಬೆಕ್ಕಿಗೆ ಎಂದಲ್ಲವೇ ಹೇಳಿದ್ದು, ಹೇಳಿಯೇಬಿಟ್ಟ, ಕುಲ್ಯಾಶ್, — ಹಾಸಿಗೆಯ ಮೂಲೆಯಲ್ಲಿ ತಲೆಯೊಂದು ಎದ್ದಿತು, ಒಣಗಿದ ಮೂಗು ಗಾಳಿಯನ್ನು ತಡಕಾಡಿತು, ಒಂದು ಮಾಸಲು ಪಾದ ಮುಂದೆ ಬಂತು, ಇನ್ನೊಂದು, ನಿಂತಿತು, ಬಂತು, ಕಾಲ ಬಳಿ ಕೂತಿತು, ಕೂರುವ ಜಾಗದಲ್ಲೇ. ಅಂಚು ಮುರಿದು ಚಾಚಿದ, ತಿನ್ನು ಅಕ್ಬಕಾಯ್, ಅದು ಮೂಸಿತು, ಬಾಯಿ ಹಾಕಲಿಲ್ಲ, ತಲೆಯೆತ್ತಿ ಅವನ ಮುಖವನ್ನೇ ನೋಡುತ್ತ ಕೂತಿತು, ಇನ್ನೇನು ಬೇಕು ನಿನಗೆ, ಬಿಸಿ ಇದೆ, ಘಮ ಇದೆ, ರೊಟ್ಟಿ ಇದೆ, ಇನ್ನೇನು ಉಳಿಯಿತು, ಬೆರಳು ಸುಡುತ್ತಿದೆ, ಬೆಕ್ಕು ಕಾಯುತ್ತಿದೆ, ಏನಕ್ಕೆ ಕಾಯುತ್ತಿದೆ ಎಂದು ತಿಳಿಯುವ ಮೊದಲೇ ಗಡ್ಡದ ನಡುವೆ ಅವನ ಹಲ್ಲಿಲ್ಲದ ಬಾಯಿ ದುಂಡಗಾಯಿತು, ಉಫ್, — ಒರಟು ನಾಲಿಗೆ ಬೆರಳಿಗೆ ತಗುಲಿತು, ಮತ್ತೊಮ್ಮೆ ತಗುಲಿತು, ಅವನು ಅಲುಗಲಿಲ್ಲ, ದುಂಡಗಾದ ತುಟಿಯನ್ನು ಬಿಡಿಸಲಿಲ್ಲ, ಅವಳ ತುಟಿ, ದುಂಡಗೆ, ಉಫ್, ದುಂಡಗೆ, ಅವಳ ತುಟಿ