ಖಂಡೇಪೂಜೆಯಂದು ತೆರೆದ ಬಾಟಲಿ

ದಸರೆ ರಜೆ ಮುಗಿಸಿ ವಳಸಂಗದಿಂದ ಜತ್ತದ ಕಾಲೇಜಿಗೆ ಬಂದಾಗ ಲ್ಯಾಬಿನಲ್ಲಿ ಇನ್ನೂ ಧೂಪದ ವಾಸನೆಯಿತ್ತು. ಸ್ಟ್ಯಾಂಡು, ಇಕ್ಕಳ, ಬೀಗ, ಎಲ್ಲದಕ್ಕೂ ಆಯುಧಪೂಜೆಯ ವಿಭೂತಿ. ನನ್ನ ಬಾಟಲಿಗೂ. ಅದರ ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು.

ಮಳೆಗಾಲವೆಲ್ಲ ಗಾಳಿ ತಾಕದಂತೆ ಕಾಯ್ದ ಕಬ್ಬಿಣದ ಹಸಿರು ಕೆಸರು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

“ಸೋಮನಿಂಗಪ್ಪಾ, ಇದನ್ಯಾಕ ತಗದ್ರಿ?”

“ಅದ್ರಾಗ ಕಬ್ಬಿಣ ಐತಿ ಅಂತ ನೀವ ಹೇಳಿದ್ರೆಲ್ರಿ ಅಕ್ಕಾರ. ಪೂಜಿ ದಿನ ಅದೊಂದನ್ನ ಬಿಟ್ರ ಹೆಂಗ? ಹೊಗಿ ಒಳಗ ಹೋಗ್ಲಿ ಅಂತ ತಗದೆ.” ಲ್ಯಾಬಿನ ಸಿಪಾಯಿ ನನ್ನ ಮುಖ ನೋಡಿದರು. “ತಪ್ಪಾತೇನ್ರಿ?”

“ಇಲ್ಲ” ಎಂದೆ. ಮುಚ್ಚಳ ಎತ್ತಿ ಬಾಟಲಿಗೆ ಹಾಕಿದೆ.

ನೆಲದಾಳದಲ್ಲಿ ಹೂಳುವ ಪರಮಾಣು ತ್ಯಾಜ್ಯದ ಉಕ್ಕಿನ ಡಬ್ಬಿಗಳು ಎಂದಾದರೂ ತುಕ್ಕು ಹಿಡಿಯುತ್ತವೆ. ಆ ತುಕ್ಕಿನ ಖನಿಜಗಳೇ ವಿಕಿರಣಶೀಲ ಧಾತುಗಳನ್ನು ನೀರಿಗೆ ಸೇರದಂತೆ ಹಿಡಿದಿಡಬಲ್ಲವು. ಎಷ್ಟು ಗಟ್ಟಿಯಾಗಿ ಎಂಬುದೇ ನನ್ನ ಪಿಎಚ್.ಡಿ. ಪ್ರಬಂಧ. ಆ ತ್ಯಾಜ್ಯದಲ್ಲಿರುವ ಅಮೆರಿಸಿಯಂ ನಮಗೆ ಯಾರು ಕೊಡುತ್ತಾರೆ? ಹೆಚ್ಚುಕಡಿಮೆ ಅದರಂತೆಯೇ ವರ್ತಿಸುವ, ವಿಕಿರಣವಿಲ್ಲದ ಯೂರೋಪಿಯಂ ಈ ಕೆಸರಿಗೆ ಸೇರಿಸಿದ್ದೆ. ಗಾಳಿ ತಗಲಿ ಖನಿಜ ರೂಪ ಬದಲಿಸುವಾಗ ಹಿಡಿದದ್ದನ್ನು ಬಿಟ್ಟುಬಿಡಬಹುದು. ಬಿಟ್ಟಿದ್ದರೆ ವರ್ಷದ ಕೆಲಸ ಹೋದಂತೆ. ಯಾರಿಂದ ಹೋಯಿತೆಂದು ಹೇಳಬೇಕಾಗುವುದು ಅದಕ್ಕಿಂತ ಕಷ್ಟ.

ಕೆಸರಿನ ಮೇಲಿನ ನೀರನ್ನು ಸೋಸಿ, ಅಳೆಯಲು ಸಾಂಗಲಿಯ ಗೆಳತಿ ಸೋನಾಲಿಗೆ ಕಳಿಸಿದೆ. ಆಮೇಲೆ ನಾನೂ ಸೋಮನಿಂಗಪ್ಪನವರೂ ಒಂದೇ ಕೋಣೆಯಲ್ಲಿ ಮಾತಿಲ್ಲದೆ ದಿನ ಕಳೆದೆವು. ಅವರು ತೊಳೆದ ಗಾಜನ್ನೇ ಮತ್ತೆ ತೊಳೆಯುತ್ತಿದ್ದರು. ನಳದ ಸದ್ದು ನಿಂತರೆ ಸಾಕು, ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದರು. ನಾನು ನೋಟ್‌ಬುಕ್ಕಿನತ್ತ ತಲೆ ತಗ್ಗಿಸುತ್ತಿದ್ದೆ.

ಶನಿವಾರ ಸೋನಾಲಿಯ ಫೋನು ಬಂತು. “ನಿನ್ನ ನೀರಾಗ ಯೂರೋಪಿಯಂ ಸಿಗವಲ್ದು. ಮಷಿನ್ನ ಕೆಟ್ಟೈತೇನೋ ಅಂತ ಮತ್ತೊಮ್ಮಿ ನೋಡಿದೆ. ಎಲ್ಲಾ ಕೆಸರಾಗ ಕುಂತೈತಿ.”

ಬಣ್ಣ ಬದಲಾಗಿತ್ತು, ಹಿಡಿತ ಸಡಿಲಾಗಿರಲಿಲ್ಲ. ಒಂದು ಬಾಟಲಿಯಿಂದ ಏನೂ ತೀರ್ಮಾನವಾಗದು, ನಿಜ. ಆದರೂ ಬಹಳ ದಿನಗಳ ಮೇಲೆ ಉಸಿರು ಪೂರ್ತಿ ಒಳಗಿಳಿಯಿತು.

ಸೋಮನಿಂಗಪ್ಪನವರಿಗೆ ಎಲ್ಲ ಹೇಳಿದೆ.

“ಅಂದ್ರ ತಪ್ಪಾಗಿತ್ತು” ಎಂದರು.

“ಆಗಿತ್ತು. ಆದ್ರ ಏನೂ ಕೆಟ್ಟಿಲ್ಲ.”

“ಅವತ್ತ ಬೈದಿದ್ರ ಚಲೋ ಇತ್ರಿ. ನಿಮ್ಮ ಸುಮ್ಮನಿರೂದು ಭಾಳ ತ್ರಾಸ ನೋಡ್ರಿ. ಮನ್ಯಾಗ ಊಟಾ ಸೇರಿಲ್ಲ.”

“ಇನ್ನ ಬೈತೀನಿ ಬಿಡ್ರಿ. ಮತ್ತೊಂದು ಬಾಟ್ಲಿ ಮಾಡಿ, ಬೇಕಂತ ತಗದು ನೋಡಬೇಕಾಗೇತಿ.”

ಅವರು ಅಂಗೈ ಒರೆಸಿಕೊಂಡು ನಕ್ಕರು. “ಅದನ್ನೂ ನಾನ ತಗೀಲೇನ್ರಿ?”

“ನೀವ ತಗೀರಿ” ಎಂದೆ. “ನಾ ಬಾಜೂಕ ನಿಂತಿರ್ತೀನಿ.”