ಫೋನಿನ ಮೇಡಂ

ಆಸ್ಪತ್ರೆಯ ಮ್ಯಾನೇಜರ್ ಫೋನ್ ಮಾಡಿದಾಗ ಅವಳು ತನ್ನ ಲಾಂಡ್ರಿಯಲ್ಲಿ ಯಂತ್ರಕ್ಕೂ ಜಗ್ಗದ ಕಲೆಯೊಂದನ್ನು ಕೈಯಲ್ಲಿ ಉಜ್ಜುತ್ತ ಮೊಣಕೈವರೆಗೂ ನೊರೆಯಲ್ಲಿದ್ದಳು. ಅತ್ತಿಗೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು ಫೋನನ್ನು ಅವಳ ಕಿವಿಗೆ ಹಿಡಿದಳು.

"ಮೇಡಂ, ಒಂದು ಮಾತು. ಬೇಜಾರು ಮಾಡ್ಕೋಬೇಡಿ."

"ಹೇಳಿ ಸರ್."

"ಬೆಡ್‌ಶೀಟ್ ತಂದು ಕೊಡ್ತಾಳಲ್ಲ ನಿಮ್ಮ ಹೆಂಗಸು, ಗಲ್ಲದ ಮೇಲೆ ಹಚ್ಚೆ ಇರೋಳು... ಅವಳನ್ನ ಬಿಡಿಸಿಬಿಡಿ."

ಅವಳ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಅವಳ ಜನದ ಹೆಂಗಸರೆಲ್ಲ ಹಾಕಿಸಿಕೊಳ್ಳುವ ಮೂರು ಹಚ್ಚೆಚುಕ್ಕಿಗಳ ಮೇಲೆ ನೊರೆ ಮೆತ್ತಿಕೊಂಡಿತು.

ಎರಡು ವರ್ಷದ ಹಿಂದೆ, ಮೊದಲ ಸಲ ಫೋನಿನಲ್ಲಿ ಮಾತಾಡಿದಾಗಲೇ ಆತ ಅವಳನ್ನು ತಮ್ಮ ಜನದವಳು ಎಂದುಕೊಂಡಿದ್ದ. ಅವಳು ಇದೇ ಊರಿನ ಶಾಲೆಯಲ್ಲಿ ಓದಿದವಳು, ಮಾತು ಅವರದರಂತೆಯೇ. ದನಿಯಲ್ಲಿ ಹಚ್ಚೆ ಕಾಣುವುದಿಲ್ಲ. ಅವಳು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮಾರನೆಯ ದಿನ ಗಂಟು ಹೊತ್ತು ಹೋದರೆ ಆತ ಗಲ್ಲದತ್ತ ಒಮ್ಮೆ ನೋಡಿ, ಮತ್ತೆ ತಲೆಯೆತ್ತದೆ, "ಅಲ್ಲಿಡು. ಚೆನ್ನಾಗಿದೆ ಅಂತ ನಿಮ್ಮ ಮೇಡಂಗೆ ಹೇಳು" ಎಂದ. ಇಟ್ಟಳು. ಹೇಳ್ತೀನಿ ಎಂದಳು, ಫೋನಿನದಲ್ಲದ ತಗ್ಗಿದ ದನಿಯಲ್ಲಿ. ಅಂದಿನಿಂದ ಫೋನಿನಲ್ಲಿ ಒಡತಿ, ಬಾಗಿಲಲ್ಲಿ ಆಳು.

"ಏನು ತಪ್ಪು ಮಾಡಿದಳು ಸರ್?"

"ತಪ್ಪು ಅಂತಲ್ಲ. ಸಹಿಗೆ ಕಾಯ್ತಾ ರೋಗಿಗಳ ಪಕ್ಕ ಕೂತ್ಬಿಟ್ಟಿದ್ದಳು. ಒಬ್ರು ರೇಗಿಬಿಟ್ರು, ಈ ಜನ ಒಗೆದದ್ದರ ಮೇಲೆ ಮಲಗಬೇಕಾ ಅಂತ. ಒಗೆಯೋದು ಅವಳಲ್ಲ, ನಮ್ಮ ಮೇಡಂ ಅಂತ ನಾನೇ ಸಮಾಧಾನ ಮಾಡಿದೆ. ಸೋಮವಾರ ಬೇರೆಯವರನ್ನ ಕಳಿಸಿ. ಇಲ್ಲಾಂದ್ರೆ ನಾವು ಬೇರೆ ಕಡೆ ನೋಡ್ಕೋಬೇಕಾಗುತ್ತೆ."

ಆಸ್ಪತ್ರೆ ಕೈಬಿಟ್ಟರೆ ಮೂರು ಯಂತ್ರಗಳಲ್ಲಿ ಎರಡು ಬಾಯಿ ಬಿಟ್ಟುಕೊಂಡು ನಿಲ್ಲುತ್ತವೆ.

"ಆಗಲಿ ಸರ್."

ಅತ್ತಿಗೆ ಫೋನ್ ಇಳಿಸಿದಳು. "ಹೋಯ್ತಾ ಕೆಲಸ? ನಿಮ್ಮ ಮೇಡಂ ಕಾಲು ಹಿಡ್ಕೊಂಡು ನೋಡೇ." ನಗು ಅರ್ಧಕ್ಕೇ ಒಣಗಿತು. ಅತ್ತಿಗೆಯ ಗಲ್ಲದ ಮೇಲೂ ಮೂರು ಚುಕ್ಕಿ. "ನಾನೂ ಹೋಗೋ ಹಾಗಿಲ್ಲ. ಟೀ ಅಂಗಡಿಯವನನ್ನ ಕೇಳೋಣ. ಅವನು ಅವರ ಜನದವನೇ."

"ನಾಳೆ ಅವನೇ ಯಜಮಾನ ಅಂತಾರೆ, ಅತ್ತಿಗೆ."

"ಅನ್ಲಿ ಬಿಡು. ಏನೇನೋ ಅನ್ನಿಸ್ಕೊಂಡೇ ತಾನೇ ಎರಡು ವರ್ಷ ಉಂಡಿದ್ದು?"

ಸೋಮವಾರ ಟೀ ಅಂಗಡಿಯವರೆಗೆ ಗಂಟು ಹೊತ್ತು ನಡೆದಳು, ಕ್ಷಣ ನಿಂತಳು, ಮುಂದೆ ಹೋದಳು.

ಮ್ಯಾನೇಜರ್ ಹುಬ್ಬು ಗಂಟಿಕ್ಕಿದ. "ನಿಮ್ಮ ಮೇಡಂ ಹೇಳಲಿಲ್ವಾ ನಿಂಗೆ?"

"ಅವಳನ್ನ ಬಿಡಿಸಿದ್ದಾಯ್ತು ಸರ್," ಎಂದಳು, ಫೋನಿನ ದನಿಯಲ್ಲಿ. "ಇನ್ಮೇಲೆ ನಾನೇ ಬರ್ತೀನಿ."

ಆತ ಅವಳ ಬೆನ್ನಹಿಂದೆ ಬಾಗಿಲತ್ತ ನೋಡಿದ. ಯಾರೂ ಇರಲಿಲ್ಲ. ಮೆಲ್ಲಗೆ ಗಂಟು ಬಿಚ್ಚಿ ಮೇಲಿನ ಶೀಟನ್ನು ಮೂಗಿಗೆ ಹಿಡಿದ. ಆಮೇಲೆ ಎರಡನೆಯದನ್ನು. ಮತ್ತೆ ಕಟ್ಟಿ ಅವಳ ಕಡೆ ತಳ್ಳಿದ.

"ತಗೊಂಡ್ಹೋಗಿ ಮೇಡಂ. ನನ್ನ ಕೈಲಿಲ್ಲ."

ಕಾಯುತ್ತಿದ್ದವರೆಲ್ಲ ಇತ್ತ ತಿರುಗಿದ್ದರು. ಅವಳು ಗಂಟು ಮುಟ್ಟಲಿಲ್ಲ.

"ಮೂಸಿದ್ರಲ್ಲ ಸರ್," ಎಂದಳು. "ಏನು ವಾಸನೆ ಬಂತು, ಹೇಳಿ."