ತಿಂಗಳಿಗೊಂದು ಚಿತ್ರ

ಕಮಲಿನಿ ಟೀಚರಿಗೆ ಆ ವರ್ಷ ಬೆಳಗೆದ್ದರೆ ಮೊದಲು ಕಾಣುತ್ತಿದ್ದದ್ದು ದೇವರ ಪಟವಲ್ಲ, ನಲವತ್ತು ತೆಂಗಿನಮರ. ಎಡಗಡೆ ಎರಡು ಗುಡ್ಡ, ಗುಡ್ಡಗಳ ಸಂದಿಯಲ್ಲಿ ಸೂರ್ಯ, ಬಲಗಡೆ ಒಂದು ಗುಡಿಸಲು, ಗುಡಿಸಲ ಪಕ್ಕ ತೆಂಗಿನಮರ. ಸೇಲಂನ ಆ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಬಸಿರಲ್ಲಿ ಹುಟ್ಟಿದವರ ಹಾಗೆ ಅದೇ ಚಿತ್ರ ಬರೆದು, ಫೋಟೋ ತೆಗೆದು, ವಾಟ್ಸಾಪಿಗೆ ಹಾಕುತ್ತಿದ್ದರು. ಫೋಟೋದಲ್ಲಿ ಅರ್ಧ ಚಿತ್ರ, ಇನ್ನರ್ಧ ಯಾರದೋ ಕಾಲಿನ ಹೆಬ್ಬೆರಳು. ಅವಳು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಹಿಗ್ಗಿಸಿ ನೋಡಿ, ಗುಡ್ಡಕ್ಕೆ ನೆರಳು ಹಾಕು, ಮರಕ್ಕೆ ಬೇರು ಕೊಡು ಎಂದು ಉತ್ತರ ಬರೆಯುತ್ತಿದ್ದಳು. ಮಾರನೆಯ ವಾರ ಮತ್ತದೇ ಗುಡ್ಡ, ಅದೇ ಮರ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು.

ಕೊರೊನಾದ ವರ್ಷ ಅದು. ಮಾರ್ಚಿನಲ್ಲಿ ಮುಚ್ಚಿದ ಶಾಲೆ ತೆರೆಯುವ ಲಕ್ಷಣವೇ ಇರಲಿಲ್ಲ. ಗಣಿತ, ವಿಜ್ಞಾನ, ಇಂಗ್ಲಿಷಿಗೆಲ್ಲ ಫೋನಿನಲ್ಲೇ ಪಾಠ ಶುರುವಾಯಿತು. ಡ್ರಾಯಿಂಗಿಗೆ ಮಾತ್ರ ಟೈಮ್‌ಟೇಬಲ್ಲಿನಲ್ಲಿ ಜಾಗ ಇಲ್ಲ. ಕೇಳಲು ಹೋದರೆ ಹೆಡ್‌ಮಿಸ್ಟ್ರೆಸ್ ರಂಗನಾಯಕಿ ಮೇಡಂ, ಅವರೂ ಕನ್ನಡ ಮನೆಯವರೇ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು ಎಂದು ನಕ್ಕುಬಿಟ್ಟರು. ಕಮಲಿನಿ ಮೂರು ಸಲ ಹೋಗಿ, ಮೂರು ಸಲ ನಿಂತು, ಕೊನೆಗೆ ಶನಿವಾರಕ್ಕೊಂದು ಗ್ರೂಪು ಮಾಡಿಕೊಳ್ಳಲು ಒಪ್ಪಿಗೆ ಪಡೆದಳು. ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದವಳು. ಬಣ್ಣ ಇಲ್ಲ, ಕಾಗದ ಇಲ್ಲ, ಪಿರಿಯಡ್ ಇಲ್ಲ ಎಂದು ಕೇಳಿ ಕೇಳಿ ಕಿವಿ ದಡ್ಡುಗಟ್ಟಿತ್ತು. ಆದರೂ ಕೈ ಬಿಡಲು ಮನಸ್ಸಿಲ್ಲ. ಬಿಟ್ಟರೆ ಇನ್ನೇನು ಮಾಡುವುದು ಎಂಬುದೂ ತಿಳಿಯದು.

ಆ ನಲವತ್ತು ತೆಂಗಿನಮರಗಳ ನಡುವೆ ಸೆಪ್ಟೆಂಬರಿನಲ್ಲೊಂದು ದಿನ ಒಂದು ಮೊಣಕಾಲು ಬಂತು.

ಊದಿಕೊಂಡ ಮೊಣಕಾಲು. ಮೇಲೆ ಎಕ್ಕದ ಎಲೆ ಇಟ್ಟು ಹಳೆಯ ಸೀರೆಯ ತುಂಡು ಕಟ್ಟಿದ್ದಾರೆ. ಕಟ್ಟಿನ ಗಂಟು, ಗಂಟಿನಿಂದ ಇಣುಕುವ ಎಲೆಯ ತುದಿ, ಕೆಳಗೆ ಬಿರುಕುಬಿಟ್ಟ ಹಿಮ್ಮಡಿ. ಬರೀ ಪೆನ್ಸಿಲು, ನೋಟ್‌ಬುಕ್ಕಿನ ಗೆರೆಹಾಳೆ. ಕಳಿಸಿದ ನಂಬರು ನಾಗರಾಜನ್ ಎಂಬುವರದು. ಕೆಳಗೆ ತಮಿಳಿನಲ್ಲಿ ‘ಇಂದುಜಾ, 8 ಬಿ’ ಎಂದಿತ್ತು. ಕಮಲಿನಿಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಬೇಕು. ಎಷ್ಟು ಕಾಲವಾಗಿತ್ತು ಒಂದು ನಿಜವಾದ ಗೆರೆ ನೋಡಿ. ಉದ್ದಕ್ಕೆ ಉತ್ತರ ಬರೆದಳು. ನಾಳೆ ಇನ್ನೊಂದು ಕಳಿಸು ಎಂದಳು.

ನಾಳೆ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಬಂದದ್ದು ಅಕ್ಟೋಬರಿನ ಮಧ್ಯದಲ್ಲಿ: ನೂಲಿನ ಕಟ್ಟಿನ ಮೇಲೆ ಮಲಗಿದ ಬೆಕ್ಕು. ಆಮೇಲೆ ದೀಪಾವಳಿಗೆ ಒಂದು. ಆಮೇಲೆ ಮತ್ತೆ ಒಂದು ತಿಂಗಳು ಸದ್ದಿಲ್ಲ. ನಡುವೆ ಕಮಲಿನಿ ಕಳಿಸಿದ ಸೂಚನೆಗಳಿಗೂ ಹೊಗಳಿಕೆಗೂ ಹುಡುಗಿ ಒಂದು ಚುಕ್ಕೆಯ ಉತ್ತರವನ್ನೂ ಕೊಡಲಿಲ್ಲ. ಮೊದಲು ಬೇಸರವಾಯಿತು, ಬರಬರುತ್ತ ಸಿಟ್ಟಾಯಿತು. ಕೈಯಲ್ಲಿ ಕಲೆ ಇದ್ದವರಿಗೆ ಕೊಬ್ಬು ಜಾಸ್ತಿ ಎಂದುಕೊಂಡಳು. ಬೇರೆ ಮಕ್ಕಳು ಬಾರದ ಕೈಯಲ್ಲೂ ವಾರವಾರ ಬರೆಯುತ್ತಿಲ್ಲವೇ?

ಡಿಸೆಂಬರಿನಲ್ಲಿ ಚೆನ್ನೈನ ಒಂದು ಟ್ರಸ್ಟಿನಿಂದ ಶಾಲೆಗೆ ಕಾಗದ ಬಂತು. ಶಾಲೆಗೊಂದು ಮಗುವಿಗೆ ಒಂದು ಟ್ಯಾಬು, ಒಂದು ಪೆಟ್ಟಿಗೆ ತುಂಬ ಬಣ್ಣ, ವರ್ಷವಿಡೀ ದೊಡ್ಡ ಕಲಾವಿದರಿಂದ ಆನ್‌ಲೈನ್ ಪಾಠ. ಹೆಸರು ಕೊಡಬೇಕಾದವರು ಡ್ರಾಯಿಂಗ್ ಟೀಚರು. ಷರತ್ತು ಒಂದೇ, ಮಗು ತಪ್ಪದೆ ಚಿತ್ರ ಕಳಿಸುತ್ತಿರಬೇಕು. ಕಮಲಿನಿಗೆ ತಟ್ಟನೆ ಹೊಳೆದದ್ದು ಇಂದುಜಾಳ ಹೆಸರೇ. ಆದರೆ ಮೂರೇ ಚಿತ್ರ ತೋರಿಸಿ ಏನೆಂದು ಬರೆಯುವುದು? ಕೊನೆಯ ದಿನದವರೆಗೂ ಕಾದಳು. ಆ ದಿನವೇ, ಡಿಸೆಂಬರ್ ಹದಿನಾಲ್ಕಕ್ಕೆ, ನಾಲ್ಕನೆಯ ಚಿತ್ರ ಬಂತು. ಎಲ್ಲಿ ಹೋಗಿದ್ದೆ, ಏನಾಗಿತ್ತು ಎಂಬ ಒಂದು ಮಾತೂ ಜೊತೆಗಿಲ್ಲ. ಅವಳಿಗೆ ಕೂಡಿಟ್ಟ ಆಯಾಸವೆಲ್ಲ ನೆತ್ತಿಗೇರಿತು. ಫೋನಿಗೆ ಬಾಯಿ ಹಚ್ಚಿ, ನಲವತ್ತು ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಕೇಳುವ ಹಾಗೆ, ಮೂಡು ಬಂದಾಗ ತಿಂಗಳಿಗೊಂದು ಗೀಚಿ ಬಿಸಾಡುವವರಿಗೆ ಈ ಗ್ರೂಪಿನಲ್ಲಿ ಕೆಲಸವಿಲ್ಲ, ಅಂಥವರ ಬೆನ್ನು ಹತ್ತಿ ಓಡಲು ನನಗೆ ಶಕ್ತಿಯೂ ಇಲ್ಲ ಎಂದು ತಮಿಳಿನಲ್ಲಿ ಚೆನ್ನಾಗಿ ಉಗಿದಳು.

ಅರ್ಧ ಗಂಟೆಯಲ್ಲಿ ನಾಗರಾಜನ್ ಎಂಬ ನಂಬರು ಗ್ರೂಪು ಬಿಟ್ಟು ಹೋಯಿತು. ಹೋಗಲಿ ಬಿಡು ಎಂದುಕೊಂಡು ಕಮಲಿನಿ ಸಂಜೆ ಶ್ರೀನಿಧಿಯ ಹೆಸರು ಕಳಿಸಿದಳು. ಬ್ಯಾಂಕ್ ಆಫೀಸರ ಮಗ, ಯೂಟ್ಯೂಬ್ ನೋಡಿ ನೋಡಿ ಎಂಬತ್ತು ಚಿತ್ರ ಕಳಿಸಿದ ಅಚ್ಚುಕಟ್ಟಿನ ಹುಡುಗ. ರಂಗನಾಯಕಿ ಮೇಡಂಗೂ ಖುಷಿಯಾಯಿತು.

ಡಿಸೆಂಬರಿನ ಕೊನೆಯ ವಾರ ಗ್ರೂಪಿನ ಲೆಕ್ಕವನ್ನು ರಿಜಿಸ್ಟರಿಗೆ ಏರಿಸಬೇಕಿತ್ತು. ಕಮಲಿನಿಗೆ ಬಾಯಲ್ಲಿ ಹೇಳಿಕೊಂಡೇ ಬರೆಯುವ ಅಭ್ಯಾಸ. ಸೇಲಂನ ಗುಗೈ ಬಡಾವಣೆಯ ಮನೆಯಲ್ಲಿ ಈಗ ಇರುವವರು ಅವಳು ಮತ್ತು ಅವಳ ತಾಯಿ ಮುನಿಲಕ್ಷ್ಮಮ್ಮ, ಇಬ್ಬರೇ. ಅವ್ವ ಬಾಗಿಲ ಬಳಿ ಕೂತು ಕೀರೆಸೊಪ್ಪು ಬಿಡಿಸುತ್ತಿದ್ದಳು. ಕಮಲಿನಿ ಇಂದುಜಾಳ ಸಾಲಿಗೆ ಬಂದಳು. ಸೆಪ್ಟೆಂಬರ್ ಹದಿನೇಳು, ಅಕ್ಟೋಬರ್ ಹದಿನಾರು, ದೀಪಾವಳಿ ದಿನ, ಡಿಸೆಂಬರ್ ಹದಿನಾಲ್ಕು.

ಅವ್ವ ಸೊಪ್ಪು ಬಿಟ್ಟು ತಲೆ ಎತ್ತಿದಳು. “ಏನೇ ಕಮಲೀ, ಬರೀ ಅಮಾಸೆಗಳ್ನೇ ಲೆಕ್ಕ ಆಕ್ತಾ ಇದ್ದೀಯ?”

ಕಮಲಿನಿಯ ಪೆನ್ನು ನಿಂತಿತು. ಎದ್ದು ಗೋಡೆಯ ತಮಿಳು ಕ್ಯಾಲೆಂಡರಿನ ಹಾಳೆ ಮಗುಚಿದಳು. ನಾಲ್ಕು ತಾರೀಖಿಗೂ ಕಪ್ಪು ಚುಕ್ಕೆ. ಪ್ರತಿ ಅಮಾವಾಸ್ಯೆಗೂ ಹಿರಿಯರ ಹೆಸರಿನಲ್ಲಿ ಕಾಗೆಗೆ ಅನ್ನ ಇಡುವ ಅವ್ವನಿಗೆ ಕ್ಯಾಲೆಂಡರೇ ಬೇಕಿರಲಿಲ್ಲ, ಕಿವಿಗೆ ಬಿದ್ದ ಕೂಡಲೇ ಗೊತ್ತಾಗಿತ್ತು.

ಸೇಲಂ ಕಡೆಯ ನೇಕಾರರ ಮನೆಯಲ್ಲಿ ಮಗ್ಗಕ್ಕೆ ಭಾನುವಾರದ ರಜೆಯಿಲ್ಲ. ಅದಕ್ಕಿರುವುದು ಅಮಾವಾಸ್ಯೆಯ ರಜೆಯೊಂದೇ. ಆ ದಿನ ಲಾಳಿ ಮುಟ್ಟುವುದಿಲ್ಲ, ಮಗ್ಗ ಒರೆಸಿ ಕುಂಕುಮವಿಟ್ಟು ಸುಮ್ಮನೆ ಬಿಡುತ್ತಾರೆ. ಇದು ಕಮಲಿನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಅವಳೂ ಮಗ್ಗದ ಸದ್ದಿನಲ್ಲೇ ಬೆಳೆದವಳು. ಅವಳಪ್ಪನ ಕೈ ಬಿಡುವಾಗುತ್ತಿದ್ದದ್ದೂ ಅಮಾವಾಸ್ಯೆ ದಿನವೇ. ಆ ದಿನ ಅವನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ನವಿಲು ಬರೆಸುತ್ತಿದ್ದ. ಅವಳ ಕೈಗೆ ಗೆರೆ ಹತ್ತಿದ್ದು ಹಾಗೆ. ಮೊಣಕಾಲು, ನೂಲಿನ ಕಟ್ಟು, ಅಮಾವಾಸ್ಯೆ, ಹುಡುಗಿಯದು ಮಗ್ಗದ ಮನೆ ಎಂಬುದು ಕಣ್ಣೆದುರಿಗೇ ಇತ್ತಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸಂಬಳದ ಕೆಲಸಕ್ಕೆ ಸೇರಿ ಶನಿವಾರ ಭಾನುವಾರ ಎಣಿಸುತ್ತ ಎಣಿಸುತ್ತ, ಅಪ್ಪನ ಮನೆಯ ರಜೆಯನ್ನೇ ಮರೆತಿದ್ದಳು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಟ್ರಸ್ಟಿಗೆ ಫೋನು ಮಾಡಿದಳು. ಅಲ್ಲಿಯ ಹುಡುಗಿ ಬೆಲ್ಲದಂಥ ದನಿಯಲ್ಲಿ, ಲಿಸ್ಟು ಮೇಲೆ ಹೋಗಿಬಿಟ್ಟಿದೆ ಮ್ಯಾಮ್, ಮುಂದಿನ ವರ್ಷ ನೋಡೋಣ ಎಂದಳು. ನಾಗರಾಜನ್ ನಂಬರಿಗೆ ಮಾಡಿದಾಗ ಮೂರನೆಯ ಸಲಕ್ಕೆ ಹುಡುಗಿಯ ತಾಯಿ ಚೆಲ್ಲಮ್ಮ ಎತ್ತಿದಳು, ಅವರದೂ ಕನ್ನಡ ಮಾತಾಡುವ ಮನೆಯೇ. ಲಾಕ್‌ಡೌನಿನಲ್ಲಿ ಸೇಲಂ ಬಿಟ್ಟು ಅದಿಯಮಾನ್‌ಕೋಟೆಯ ಅತ್ತೆ ಮನೆಗೆ ಬಂದುಬಿಟ್ಟೆವು, ನನ್ನ ಮೊಣಕಾಲಿನಲ್ಲಿ ಮಗ್ಗ ತುಳಿಯಲು ಆಗುವುದಿಲ್ಲ, ಶಾಲೆ ಹೇಗೂ ಇಲ್ಲವಲ್ಲ ಎಂದು ನನ್ನ ಮಗ್ಗಕ್ಕೆ ಅವಳನ್ನೇ ಕೂರಿಸಿದ್ದೇವೆ ಎಂದಳು. ಕೊಡಿ ಅವಳಿಗೆ ಎಂದರೆ, ಹುಡುಗಿ ಫೋನಿಗೆ ಬರಲಿಲ್ಲ. ಹಿಂದೆ ಮಗ್ಗದ ಸದ್ದು ಮಾತ್ರ ಕೇಳುತ್ತಿತ್ತು. ಆ ಸದ್ದಿಗೆ ಹುಡುಗಿ ಪೂರಾ ಸಿಕ್ಕಿಬಿಟ್ಟರೆ ಶಾಲೆ ತೆರೆದ ಮೇಲೂ ವಾಪಸ್ಸು ಬರುವುದಿಲ್ಲ ಎಂಬುದು ಕಮಲಿನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಜೊತೆ ಓದಿದ ಹುಡುಗಿಯರಲ್ಲಿ ಅರ್ಧ ಜನ ಹೋದದ್ದು ಹಾಗೆಯೇ.

ಜನವರಿಯ ಅಮಾವಾಸ್ಯೆಗೆ ಹೊರಟಳು. ಬೇರೆ ದಿನ ಹೋದರೆ ಹುಡುಗಿ ಬಿಡುವಾಗಿ ಸಿಗುವುದಿಲ್ಲವಲ್ಲ. ಚೀಲದಲ್ಲಿ ತನ್ನದೇ ಬಣ್ಣದ ಪೆಟ್ಟಿಗೆ, ಒಂದು ಹೊಸ ಡ್ರಾಯಿಂಗ್ ಪುಸ್ತಕ. ಮಾಸ್ಕಿನೊಳಗೆ ಉಸಿರು ಕಟ್ಟಿಕೊಂಡು, ತೊಪ್ಪೂರಿನ ಘಾಟಿಯಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳುವಾಗ, ಹೇಳಬೇಕಾದ ಮಾತನ್ನು ಹತ್ತು ಸಲ ಮನಸ್ಸಿನಲ್ಲೇ ಒಪ್ಪಮಾಡಿದಳು. ಅದಿಯಮಾನ್‌ಕೋಟೆಯಲ್ಲಿ ಇಳಿದು, ವಿಳಾಸ ಕೇಳಿ, ಬೀದಿಯ ತಿರುವಿಗೆ ಬಂದಾಗ ಕಾಲು ತಾನಾಗಿ ನಿಂತಿತು.

ಮಗ್ಗದ ಸದ್ದು. ಒಂದಲ್ಲ, ಎರಡು ಮಗ್ಗ.

ಒಳಗೆ ನಾಗರಾಜನ್ ಟೀಚರನ್ನು ಕಂಡು ಲಾಳಿ ಬಿಟ್ಟು ಎದ್ದ. ಚೆಲ್ಲಮ್ಮ ಕಾಲು ಚಾಚಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ಏಳಲು ಒದ್ದಾಡಿದಳು. ಇನ್ನೊಂದು ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಇಂದುಜಾ ಒಮ್ಮೆ ನೋಡಿದಳು, ಮತ್ತೆ ಹಗ್ಗ ಎಳೆದಳು. ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿತು. ಹದಿಮೂರು ವರ್ಷದ ಭುಜ, ಆಗಲೇ ಸ್ವಲ್ಪ ಬಾಗಿತ್ತು.

“ಏನ್ ನಾಗರಾಜಣ್ಣ, ಇವತ್ತು ಅಮಾಸೆ ಅಲ್ವಾ? ಮಗ್ಗ ನಿಲ್ಸಿಲ್ವಾ?”

ನಾಗರಾಜನ್ ನೆಲ ನೋಡಿದ. ಅಪ್ಪ, ತಾತನ ಕಾಲದಿಂದ ಈ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ಆಡಿದ್ದಿಲ್ಲ ಎಂದ. ಸಂಕ್ರಾಂತಿಯಿಂದ ಶುರುವಾಗುವ ತೈ ತಿಂಗಳ ಮದುವೆ ಸೀರೆಗಳ ಅವಸರ ಇದೆ, ನಿಜ, ಆದರೂ ನಿಲ್ಲಿಸೋಣ ಅಂತಲೇ ಇದ್ದೆ ಎಂದ. ಆಮೇಲೆ ಮಗಳ ಕಡೆ ಗದ್ದ ತೋರಿಸಿದ. “ಇವಳೇ ಬ್ಯಾಡ ಅಂದ್ಲು ಟೀಚರಮ್ಮ. ಲೀವ್ ಏನಕ್ಕಪ್ಪಾ, ಇನ್ಮೇಲೆ ನಂಗೇನ್ ಕೆಲ್ಸ ಐತೆ, ಆ ದಿನಾನೂ ನೇಯ್ತೀನಿ ಅಂದ್ಲು.”

ಮೂರು ತಲೆಮಾರು ಉಳಿಸಿಕೊಂಡ ರಜೆಯನ್ನು ಕಮಲಿನಿಯ ಒಂದು ನಿಮಿಷದ ವಾಯ್ಸ್ ಮೆಸೇಜು ಕಿತ್ತುಹಾಕಿತ್ತು. ಗುಣಿಯ ಅಂಚಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ತಪ್ಪು ನನ್ನದು ಕಂದಾ, ನಾನೂ ಮಗ್ಗದ ಮನೆಯವಳೇ, ನನಗೆ ಗೊತ್ತಾಗಬೇಕಿತ್ತು ಎಂದಳು. ಟ್ರಸ್ಟಿನ ವಿಷಯವನ್ನೂ ಮುಚ್ಚಿಡಲಿಲ್ಲ. ನಿನ್ನ ಹೆಸರು ಹೋಗಬೇಕಿದ್ದ ಜಾಗಕ್ಕೆ ಬೇರೆ ಹೆಸರು ಕಳಿಸಿಬಿಟ್ಟೆ, ಅದು ಇನ್ನು ತಿರುಗಿ ಬರುವುದಿಲ್ಲ ಎಂದಳು.

“ಪರವಾಯಿಲ್ಲೆ ಟೀಚರ್,” ಎಂದಳು ಇಂದುಜಾ. ದನಿಯಲ್ಲಿ ಸಿಟ್ಟೂ ಇಲ್ಲ, ಏನೂ ಇಲ್ಲ. ಹಗ್ಗ ಎಳೆದಳು.

ಬೈದಿದ್ದರೆ ಚೆನ್ನಾಗಿತ್ತು. ಕಮಲಿನಿ ಚೀಲದಿಂದ ಪುಸ್ತಕ, ಪೆನ್ಸಿಲು ತೆಗೆದು ನೆಲದ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಎದ್ದೇಳು. ನೀನು ಬರಿ, ನಾನು ನೇಯ್ತೀನಿ.”

ನಾಗರಾಜನ್ ಅಯ್ಯೋ ಬೇಡಿ ಎನ್ನುವುದರೊಳಗೆ ಅವಳು ಗುಣಿಗೆ ಕಾಲು ಇಳಿಬಿಟ್ಟಾಗಿತ್ತು. ಹುಡುಗಿ ಬೇರೆ ದಾರಿಯಿಲ್ಲದೆ ಎದ್ದು ಪಕ್ಕಕ್ಕೆ ನಿಂತಳು. ಮಗ್ಗ ಮುಟ್ಟಿ ಇಪ್ಪತ್ತಾರು ವರ್ಷ. ಕಾಲಿಗೆ ತುಳಿತ ನೆನಪಿತ್ತು, ಕೈಗೆ ಎಳೆತ ಮರೆತಿತ್ತು. ಮೊದಲ ಏಟಿಗೇ ಲಾಳಿ ದಾರಿ ಬಿಟ್ಟು ಹಾರಿ ಚೆಲ್ಲಮ್ಮನ ಮಡಿಲಿಗೆ ಬಿತ್ತು. ಎರಡನೆಯದಕ್ಕೆ ಮೂರು ಎಳೆ ಕಿತ್ತವು. ನಾಗರಾಜನ್ ಎರಡು ಕೈಯನ್ನೂ ತಲೆಯ ಮೇಲೆ ಹೊತ್ತು ನಿಂತ. ಬೆನ್ನಲ್ಲಿ ಚಳಕು ಬಂದರೂ ಕಮಲಿನಿ ಬಿಡಲಿಲ್ಲ. ತುಳಿ, ಎಳೆ, ಬಡಿ. ಮತ್ತೊಂದು ಎಳೆ ಕಿತ್ತಿತು. ಅಪ್ಪ ಇದ್ದಿದ್ದರೆ ಲಾಳಿಯಲ್ಲೇ ಹೊಡೆಯುತ್ತಿದ್ದ. ಅವಳಿಗೆ ಅಳುವೂ ಬಂತು, ನಗುವೂ ಬಂತು. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಹಾಳೆಯ ಮೇಲೆ ಪೆನ್ಸಿಲು ಓಡುವ ಸಣ್ಣ ಸದ್ದು ಕೇಳಿಸಿತು. ಆ ಸದ್ದು ನಿಲ್ಲದಿರಲಿ ಎಂದೇ ಅವಳು ಇನ್ನೂ ಮುಕ್ಕಾಲು ಗಂಟೆ ಮಗ್ಗ ಹಾಳುಮಾಡಿದಳು.

ಕೊನೆಗೆ ನಾಗರಾಜನೇ ಕೈಮುಗಿದ. ಸೀರೆಯ ಅಂಚನ್ನು ಬೆರಳಿನಲ್ಲಿ ಸವರಿ ನೋಡಿ, “ಸಾಕು ತಾಯಿ, ಇಳೀರಿ. ಇದನ್ನ ಉಟ್ಕಂಡು ಯಾವ ಮದ್ವೆಹೆಣ್ಣು ಹಸೆಮಣೆ ಏರ್ತಾಳೆ?” ಎಂದ.

“ಬರೋ ಅಮಾಸೆಗೆ ಮಗ್ಗ ನಿಲ್ಸ್ತೀರಾ? ಇಲ್ಲಾಂದ್ರೆ ನಾನೇ ಬಂದು ಕೂತ್ಕೋತೀನಿ. ಶಾಲೆ ತೆಗೆಯೋ ತನಕ, ಪ್ರತಿ ಅಮಾಸೆಗೂ.”

“ನಿಲ್ಸ್ತೀನಿ. ದೇವ್ರಾಣೆ ನಿಲ್ಸ್ತೀನಿ. ಶಾಲೆ ತೆಗುದ್ರೆ ಅದ್ಕೂ ಕಳಿಸ್ತೀನಿ. ನೀವ್ ಮಾತ್ರ ಮಗ್ಗ ಮುಟ್ಬ್ಯಾಡಿ.”

ಚೆಲ್ಲಮ್ಮ ಮೊಣಕಾಲು ಹಿಡಿದುಕೊಂಡು ನಕ್ಕಳು. ಇಂದುಜಾ ಮಾತ್ರ ಪುಸ್ತಕ ಮುಚ್ಚಿಕೊಂಡಳು. ಇನ್ನೂ ಮುಗಿದಿಲ್ಲ ಎಂದಳು, ತೋರಿಸಲಿಲ್ಲ. ಕಮಲಿನಿಯೂ ಕೇಳಲಿಲ್ಲ. ಬಣ್ಣದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ನಡೆದಳು.

ಬೆನ್ನುನೋವು ಹತ್ತು ದಿನ ಇಳಿಯಲಿಲ್ಲ. ಟ್ರಸ್ಟಿನ ಟ್ಯಾಬು ಶ್ರೀನಿಧಿಯ ಮನೆಗೆ ಹೋಯಿತು. ಗ್ರೂಪಿನಲ್ಲಿ ಗುಡ್ಡ, ಸೂರ್ಯ, ತೆಂಗಿನಮರ ಬರುತ್ತಲೇ ಇದ್ದವು. ಅವಳು ನೆರಳು ಹಾಕು, ಬೇರು ಕೊಡು ಎನ್ನುತ್ತಲೇ ಇದ್ದಳು.

ಮುಂದಿನ ತಿಂಗಳ ತೈ ಅಮಾವಾಸ್ಯೆಯ ದಿನ ಬೆಳಗಿನಿಂದ ಫೋನು ಮುಟ್ಟಲೇ ಧೈರ್ಯವಾಗಲಿಲ್ಲ. ಅವ್ವ ಕಾಗೆಗೆ ಅನ್ನ ಇಟ್ಟು ಬಂದಳು. ಮಧ್ಯಾಹ್ನ ಮೂರಕ್ಕೆ ಚಿತ್ರ ಬಂತು, ಗ್ರೂಪಿಗಲ್ಲ, ಅವಳೊಬ್ಬಳಿಗೆ. ಗುಣಿಯಲ್ಲಿ ಕೂತು ಮಗ್ಗದ ಮೇಲೆ ಬಾಗಿದ ಹೆಂಗಸು. ಮಾಸ್ಕು ಗದ್ದಕ್ಕೆ ಜಾರಿದೆ, ಕನ್ನಡಕ ಮೂಗಿನ ತುದಿಗೆ ಬಂದಿದೆ. ಕಣ್ಣ ಕೆಳಗೆ ಎಷ್ಟೋ ವರ್ಷದ ನಿದ್ದೆಗೇಡು. ತಾನು ಇಷ್ಟು ದಣಿದಿರುವುದನ್ನು ಕಮಲಿನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಮಗ್ಗದ ಮೇಲೆ ಕಿತ್ತುಹೋದ ಎಳೆಗಳು ಜೋತಾಡುತ್ತಿದ್ದವು. ಹಿಗ್ಗಿಸಿ ಎಣಿಸಿದಳು, ಹದಿನೇಳು. ಹುಡುಗಿ ಒಂದನ್ನೂ ಬಿಟ್ಟಿರಲಿಲ್ಲ.

ಅವ್ವನಿಗೆ ತೋರಿಸಿದಳು. ಅವ್ವ ಫೋನನ್ನು ಕಣ್ಣ ಹತ್ತಿರಕ್ಕೆ ಹಿಡಿದು ತುಂಬ ಹೊತ್ತು ನೋಡಿದಳು.

“ನಿಮ್ಮಪ್ಪ ಕುಂತಂಗೇ ಐತಲ್ಲೇ.”

ತಿದ್ದಲು ಏನೂ ಇರಲಿಲ್ಲ. ಚೆನ್ನಾಗಿದೆ ಎಂದಷ್ಟೇ ಕಮಲಿನಿ ಬರೆದಳು. ಮುಂದಿನದು ಯಾವಾಗ ಎಂದು ಕೇಳಲು ಹೊರಟವಳು ಅಳಿಸಿದಳು. ಅದು ಗೋಡೆಯ ಕ್ಯಾಲೆಂಡರಿನಲ್ಲೇ ಇತ್ತು.